ಮೇಡಂ ದನಿಗೆ ಹೊಸ ವಿಳಾಸ

ಆಗುವುದಿಲ್ಲ ಎಂದವರು ನನ್ನ ಸೋದರಮಾವ. ಕುರುಬರಹಳ್ಳಿಯಲ್ಲಿ ಒಂದು ಬೇಕರಿಯ ಮೇಲಿನ ಮಹಡಿ, ಅರ್ಧ ಪ್ಲಾಸ್ಟರ್ ಆದ ಗೋಡೆ, ಅವರ ಕೈಯಲ್ಲಿ ಕರಣೆ. ಗೋಡೆಯಿಂದ ಮುಖ ತಿರುಗಿಸದೆಯೇ ಹೇಳಿದರು: “ಪಿಯುಸಿ ಆತ್ರೀ ಅಕ್ಕಾರ, ಸಾಕು. ಈಗ ಡಿಗ್ರಿ ಅಂತ ಕುಂತಾಳ. ಗಾರೆ ಕೆಲಸದವ್ರ ಮನ್ಯಾಗ ಅದೆಲ್ಲಾ ಆಗೂದಿಲ್ರೀ.”

ಆ ಮಾತನ್ನು ಕೇಳಿಸಿಕೊಂಡವರು ಆ ಮಹಡಿಯಲ್ಲಿ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಮೇಡಂ. ಅವರ ಕೊರಳಲ್ಲಿ, ಎರಡೆಳೆ ಹವಳದ ಸರದ ಕೆಳಗೆ, ಅಡ್ಡಲಾಗಿ ಒಂದು ಹಳೆಯ ಗಾಯದ ಗೆರೆ ಇತ್ತು. ದೂರದಿಂದ ನೋಡಿದರೆ ಸರಕ್ಕೇ ಇನ್ನೊಂದು ಎಳೆ ಇದೆ ಅನ್ನಿಸಬೇಕು, ಅಷ್ಟು ನೆಟ್ಟಗಿತ್ತು. ಥೈರಾಯ್ಡ್ ಆಪರೇಷನ್ ಆದಾಗ ಬಿದ್ದ ಗೆರೆ ಅದು. ಅದರ ಜೊತೆಗೇ ಅವರ ದನಿಯೂ ಹೋಗಿತ್ತು. ಉಳಿದಿದ್ದು ಬರೀ ಉಸಿರಿನಷ್ಟು ಮಾತು. ಕೇಳಬೇಕೆಂದರೆ ಹತ್ತಿರ ಹೋಗಬೇಕು, ಬಗ್ಗಬೇಕು.

ಅವರು ಮಾವನ ಪಕ್ಕಕ್ಕೆ ಹೋಗಿ, ಗಾರೆಗೆ ನಿಲ್ಲಲು ಕಟ್ಟಿದ್ದ ಮರದ ಹಲಗೆ ಹತ್ತಿ, ಕಿವಿಯ ಹತ್ತಿರ ಏನೋ ಹೇಳಿದರು. ಕೆಳಗೆ ರಸ್ತೆಯಲ್ಲಿ ಯಾರೋ ಮಷಿನ್ ಹಿಡಿದು ಕಾಂಕ್ರೀಟ್ ಒಡೆಯುತ್ತಿದ್ದರು. ಮರಳಿನ ಪುಟ್ಟಿ ಹೊತ್ತು ಬಾಗಿಲಲ್ಲಿ ನಿಂತಿದ್ದ ನನಗೆ ತುಟಿ ಅಲುಗಿದ್ದಷ್ಟೇ ಕಂಡಿತು. ಸಂಜೆ ಬಸ್ಸಿನಲ್ಲಿ ಮಾವನನ್ನು ಕೇಳಿದೆ, “ಏನಂದ್ರು ಮಾವಾ ಅವ್ರು?”

“ಏನೋ ಅಂದ್ರು. ಆ ಮಷಿನ್ ಗದ್ದಲಕ್ಕ ಕೇಳಿಸ್ಲಿಲ್ಲ.”

ಆಮೇಲೆ ಮೇಡಂ ಅವರನ್ನೂ ಕೇಳಿದ್ದೇನೆ, ಎಷ್ಟೋ ಸಲ. “ಅವರಿಗೆ ಹೇಳಿದ್ದು, ನಿನಗಲ್ಲ” ಎನ್ನುತ್ತಿದ್ದರು. ಹೀಗಾಗಿ ನನ್ನ ಡಿಗ್ರಿಗೆ ಹೂಂ ಎಂದವರೂ ಇಲ್ಲ, ಮತ್ತೊಮ್ಮೆ ಬೇಡ ಎಂದವರೂ ಇಲ್ಲ. ಮಾವ ಮರುವಾರದಿಂದ ನನ್ನನ್ನು ಕೆಲಸಕ್ಕೆ ಕರೆಯಲಿಲ್ಲ, ಅಷ್ಟೇ. ಅಪ್ಪನಿಲ್ಲದ ನನ್ನನ್ನೂ ಅವ್ವನನ್ನೂ ಕೊಪ್ಪಳದ ಕಡೆಯಿಂದ ಈ ಊರಿಗೆ ಕರೆತಂದವರು ಅವರು. ಅವರು ಸುಮ್ಮನಿದ್ದರೆ ಅದನ್ನೇ ಒಪ್ಪಿಗೆ ಎಂದುಕೊಳ್ಳುವ ರೂಢಿ ನಮ್ಮ ಮನೆಯಲ್ಲಿತ್ತು. ನಾನು ವಿಜಯನಗರದ ಒಂದು ಕಾಲೇಜಿಗೆ ಬಿಸಿಎ ಸೇರಿದೆ. ದಿನಾ ಕಾಲೇಜು ಮುಗಿದ ಮೇಲೆ ಮೇಡಂ ಇನ್‌ಸ್ಟಿಟ್ಯೂಟಿನಲ್ಲಿ ಕೆಲಸ.

ಅದು ಟೈಪಿಂಗ್ ಮತ್ತು ಶಾರ್ಟ್‌ಹ್ಯಾಂಡ್ ಕಲಿಸುವ ಜಾಗ, ಮೇಡಂ ಮನೆಯೂ ಅದೇ ಮಹಡಿಯಲ್ಲಿ. ಈ ಕಾಲದಲ್ಲಿ ಶಾರ್ಟ್‌ಹ್ಯಾಂಡ್ ಯಾರು ಕಲಿಯುತ್ತಾರೆ ಎಂದು ಕೇಳುವವರು ಒಂದು ಸಂಜೆ ಅಲ್ಲಿಗೆ ಬಂದು ನೋಡಬೇಕಿತ್ತು. ಕೋರ್ಟಿನಲ್ಲಿ, ಕಚೇರಿಗಳಲ್ಲಿ ಸ್ಟೆನೋ ಕೆಲಸಕ್ಕೆ ಕಣ್ಣಿಟ್ಟವರು ಬೆಂಚು ಹಿಡಿಸದಷ್ಟು ಬರುತ್ತಿದ್ದರು. ಮಗುವನ್ನು ಸ್ಕೂಲಿಗೆ ಬಿಟ್ಟು ಬರುವ ಆಂಟಿಯರು, ಬೆನ್ನಿಗೆ ಊಟದ ಚೀಲ ಹಾಕಿಕೊಂಡೇ ಬರುವ ಡೆಲಿವರಿ ಹುಡುಗರು, ನಮ್ಮ ಕಡೆಯಿಂದ ಬಂದು ರೂಮು ಮಾಡಿಕೊಂಡಿದ್ದ ಹುಡುಗಿಯರು. ಎಲ್ಲರಿಗೂ ಒಬ್ಬರೇ ಟೀಚರು, ಅವರಿಗೇ ದನಿಯಿಲ್ಲ.

ಶಾರ್ಟ್‌ಹ್ಯಾಂಡ್ ಅಂದರೆ ಕಿವಿಯಿಂದ ಕಲಿಯುವ ವಿದ್ಯೆ. ಒಬ್ಬರು ಓದಬೇಕು, ಇನ್ನೊಬ್ಬರು ಆ ವೇಗಕ್ಕೆ ಗೆರೆ ಎಳೆಯುತ್ತಾ ಹೋಗಬೇಕು. ದನಿಯಿಲ್ಲದ ಮೇಡಂ ಅದನ್ನು ಹೇಗೆ ಕಲಿಸುತ್ತಿದ್ದರು ಎಂದರೆ, ತಮ್ಮ ಹಳೆಯ ದನಿಯಿಂದ. ಆಪರೇಷನ್ನಿಗೆ ಮೊದಲು ಡಾಕ್ಟರು ದನಿ ಹೋದರೂ ಹೋಗಬಹುದು ಎಂದು ಎಚ್ಚರಿಸಿದ್ದರಂತೆ. ಮೇಡಂ ಮನೆಗೆ ಬಂದು, ಅಡುಗೆಮನೆಯ ಕಿಟಕಿಗೆ ರಗ್ಗು ಕಟ್ಟಿ, ಸ್ಟೂಲಿನ ಮೇಲೆ ಫೋನು ಇಟ್ಟುಕೊಂಡು ಪಾಠಗಳನ್ನೆಲ್ಲ ಓದಿ ರೆಕಾರ್ಡ್ ಮಾಡಿಟ್ಟರು. ನಿಧಾನಕ್ಕೆ ಓದಿದ್ದು ಹೊಸಬರಿಗೆ, ವೇಗವಾಗಿ ಓದಿದ್ದು ಪರೀಕ್ಷೆಗೆ ಕಟ್ಟಿದವರಿಗೆ. ಕುಕ್ಕರು ಕೂಗಿದರೆ ಮತ್ತೆ ಮೊದಲಿನಿಂದ. ಆಸ್ಪತ್ರೆಗೆ ಸೇರುವ ಹಿಂದಿನ ದಿನವೂ ಓದುತ್ತಿದ್ದರು ಎಂದು ಅವರ ತಂಗಿ ನನಗೆ ಹೇಳಿದ್ದಾರೆ.

ಆ ದನಿಯನ್ನು ನಾನು ಮೊದಲ ಸಲ ಕೇಳಿದ್ದು ಇನ್‌ಸ್ಟಿಟ್ಯೂಟಿನ ವೆಬ್‌ಸೈಟಿನಲ್ಲಿ. ನಂಬಿಕೆಯೇ ಬರಲಿಲ್ಲ. ತುಂಬಿದ ದನಿ, ಪದ ಪದಕ್ಕೂ ಅಂಚು. “ಶುರು ಮಾಡಿ” ಎಂದು ಆರಂಭ, “ಇಲ್ಲಿಗೆ ಮುಗಿಯಿತು, ಪೆನ್ನು ಕೆಳಗಿಡಿ” ಎಂದು ಕೊನೆ. ಒಂದು ಪಾಠದ ನಡುವೆ ಮಾತ್ರ ರಗ್ಗನ್ನೂ ದಾಟಿ ಬೀದಿಯ ಸೊಪ್ಪಿನವಳ ಕೂಗು ಒಳಗೆ ಬಂದುಬಿಟ್ಟಿದೆ: “ದಂಟು, ಪಾಲಕ್, ಮೆಂತ್ಯಾ ಸೊಪ್ಪೂ...” ಮೇಡಂ ಅದಕ್ಕೆ ನಿಲ್ಲದೆ ಓದಿಕೊಂಡು ಹೋಗಿದ್ದಾರೆ. ಅಲ್ಲಿ ಎಲ್ಲರ ಕೈಯೂ ತಪ್ಪುತ್ತಿತ್ತು. ಹೊಸಬರು ಯಾರೋ ‘ಮೆಂತ್ಯ’ ಎಂದೂ ಬರೆದುಬಿಡುತ್ತಿದ್ದರು. ನಾವು ಅದನ್ನು ಸೊಪ್ಪಿನ ಪಾಠ ಎನ್ನುತ್ತಿದ್ದೆವು. ಅದರಲ್ಲಿ ತಪ್ಪದೆ ಬರೆದವರು ಪರೀಕ್ಷೆಯಲ್ಲಿ ಪಾಸು ಎಂಬ ನಂಬಿಕೆ ಕೂಡ ಇತ್ತು.

ತರಗತಿಯಲ್ಲಿ ಮೇಡಂ ಕೈಯಲ್ಲಿ ಬೀಗದ ಕೈ ಗೊಂಚಲು. ಮೇಜಿಗೆ ಒಂದು ಸಲ ತಟ್ಟಿದರೆ ಬರೆಯಿರಿ, ಎರಡು ಸಲ ತಟ್ಟಿದರೆ ನಿಲ್ಲಿಸಿ. ಆಮೇಲೆ ಒಬ್ಬೊಬ್ಬರ ಹಿಂದೆಯೂ ಬಂದು ನಿಂತು ಬಗ್ಗಿ ಪಿಸುಗುಟ್ಟುವರು. ಅವರು ಹೆಚ್ಚಾಗಿ ಹೇಳುತ್ತಿದ್ದ ಮಾತು ಒಂದೇ: “ಹಿಂದೆ ಬಿದ್ದ ಪದ ಬಿಟ್ಟುಬಿಡೇ. ಬರೋ ಪದ ಹಿಡಿ.” ಒಂದು ಪದ ತಪ್ಪಿತೆಂದು ಪೇಚಾಡುತ್ತಾ ಕೂತರೆ ಹತ್ತು ಪದ ಹೋಗುತ್ತವೆ ಎನ್ನುವುದು ಅವರ ಲೆಕ್ಕ. ಸಂಜೆ ಕೆಳಗಿನ ಬೇಕರಿಯಿಂದ ಒಂದು ಖಾರ ಬನ್ನು ತರಿಸಿ ಅರ್ಧ ನನಗೆ, ಅರ್ಧ ತಮಗೆ. ದೊಡ್ಡ ಅರ್ಧ ಯಾವಾಗಲೂ ಅವರದೇ. “ನಾನು ಮಾತಾಡೋಕೆ ನಿನಗಿಂತ ಜಾಸ್ತಿ ಕಷ್ಟಪಡ್ತೀನಿ ಕಣೇ” ಎಂದು ಕಣ್ಣು ಮಿಟುಕಿಸುವರು. ನಕ್ಕರೆ ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು.

ಒಂದು ವಿಚಿತ್ರವಿತ್ತು. ತಮ್ಮ ಹಳೆಯ ದನಿಯನ್ನು ಅವರು ಎಂದೂ ಕೇಳುತ್ತಿರಲಿಲ್ಲ. ತರಗತಿಯಲ್ಲಿ ಪಾಠ ಹಾಕಿದ ಕೂಡಲೇ ಬಾಲ್ಕನಿಗೆ ಹೋಗಿ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಾ ನಿಲ್ಲುವರು. ಮುಗಿಯುವ ಹೊತ್ತಿಗೆ ಸರಿಯಾಗಿ ಒಳಗೆ ಬರುವರು. ಆ ಗಿಡ ಅಷ್ಟು ಸೊಂಪಾಗಿ ಬೆಳೆದದ್ದು ನಮ್ಮ ಡಿಕ್ಟೇಷನ್‌ಗಳಿಂದಲೇ ಎಂದು ಹುಡುಗರು ತಮಾಷೆ ಮಾಡುತ್ತಿದ್ದರು.

ಆ ವೆಬ್‌ಸೈಟು ಯಾವ ದೊಡ್ಡ ಕಂಪನಿಯ ಜಾಗದಲ್ಲೂ ಇರಲಿಲ್ಲ. ತಾರಸಿಗೆ ಹೋಗುವ ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಹಳೆಯ ಸೀರೆಯಿಂದ ಹೊಲಿದ ಹೊದಿಕೆ ಹೊದ್ದುಕೊಂಡಿದ್ದ ಒಂದು ಕಂಪ್ಯೂಟರಿನಲ್ಲಿತ್ತು. ಅದೇ ನಮ್ಮ ಸರ್ವರ್. ಜಗತ್ತಿನಲ್ಲಿ ಯಾರು ಎಲ್ಲಿಂದ ನಮ್ಮ ವಿಳಾಸ ಒತ್ತಿದರೂ ಆ ಗೂಡಿಗೇ ಬರಬೇಕು. ಒಳಗೆ ಒಂದು ಫೋಲ್ಡರ್, ಆ ಫೋಲ್ಡರಿನಲ್ಲಿ ಎಲ್ಲ ಪುಟಗಳು, ಮೇಡಂ ದನಿಯ ಎಲ್ಲ ಕಡತಗಳು. ಮೊದಲು ಅದನ್ನು ಕಟ್ಟಿಕೊಟ್ಟ ಹಳೆಯ ವಿದ್ಯಾರ್ಥಿ, ಸುಮ್ಮನೆ ನೋಡೋಣ ಎಂದು ಫೋಲ್ಡರಿಗೆ ‘ಟ್ರಯಲ್’ ಎಂದು ಹೆಸರಿಟ್ಟಿದ್ದ. ಅವನು ಕೆಲಸ ಸಿಕ್ಕಿ ಹೋದ, ಹೆಸರು ನಿಂತುಬಿಟ್ಟಿತು. ವಿಳಾಸದ ಕೊನೆಯಲ್ಲಿ ಟ್ರಯಲ್. ಮೇಡಂ ಕಾರ್ಡಿನಲ್ಲಿ ಟ್ರಯಲ್. ಎಲ್ಲ ಬ್ಯಾಚುಗಳ ವಾಟ್ಸ್ಯಾಪ್ ಗುಂಪುಗಳಲ್ಲೂ ಟ್ರಯಲ್.

ನಾನು ಕೊನೆಯ ವರ್ಷಕ್ಕೆ ಬಂದಾಗ ಆ ಫೋಲ್ಡರ್ ಇದ್ದ ಡಿಸ್ಕು ಟಕ್ ಟಕ್ ಎನ್ನತೊಡಗಿತು. ಸಾಯುವ ಡಿಸ್ಕಿನ ಸದ್ದು ಒಮ್ಮೆ ಕೇಳಿದವರು ಮರೆಯುವುದಿಲ್ಲ.

“ಮೇಡಂ, ಬೇರೆ ಕಡೆ ಕಾಪಿ ಏನಾದ್ರೂ ಇದೆಯಾ?”

“ಇದೆಯಲ್ಲ, ಸಿಡಿ ಮಾಡಿಸಿದ್ದೆ” ಎಂದು ಬಾಲ್ಕನಿ ತೋರಿಸಿದರು. ಸಿಡಿಗಳು ಕರಿಬೇವಿನ ಗಿಡದ ಮೇಲೆ ದಾರದಲ್ಲಿ ನೇತಾಡುತ್ತಾ ಬಿಸಿಲಿಗೆ ಮಿಂಚುತ್ತಿದ್ದವು. ಸಿಡಿ ಹಾಕುವ ಕಂಪ್ಯೂಟರು ಎಲ್ಲೂ ಸಿಗದಾದ ಮೇಲೆ ಪಾರಿವಾಳ ಓಡಿಸಲು ಕಟ್ಟಿದ್ದರಂತೆ. “ಪಾರಿವಾಳ ಅಂತೂ ಬರ್ತಿಲ್ಲ” ಎಂದರು. ರೆಕಾರ್ಡ್ ಮಾಡಿದ ಫೋನು ಎಂದೋ ಹಾಳಾಗಿತ್ತು.

ಅಂದರೆ ಆ ಟಕ್ ಟಕ್ ಡಿಸ್ಕಿನಲ್ಲಿ ಇದ್ದದ್ದಷ್ಟೇ ಅವರ ದನಿ. ಹೋದರೆ ಮತ್ತೆ ಓದಿಸಿಕೊಳ್ಳಲು ಅವರ ಕೊರಳಿನಲ್ಲಿ ಏನೂ ಉಳಿದಿರಲಿಲ್ಲ.

ಕಾಲೇಜಿನಲ್ಲಿ ಆಗಲೇ ಫೈನಲ್ ಪ್ರಾಜೆಕ್ಟ್ ಹೆಸರು ಕೊಡುವ ಸಮಯ. ಇದನ್ನೇ ಮಾಡುತ್ತೇನೆ ಎಂದೆ: ಹೊಸ ಡಿಸ್ಕಿನಲ್ಲಿ ಸರಿಯಾದ ಹೆಸರಿನ ಫೋಲ್ಡರ್ ಮಾಡಿ ಇಡೀ ವೆಬ್‌ಸೈಟನ್ನು ಅಲ್ಲಿಗೆ ಒಯ್ಯುವುದು. ನಮ್ಮ ಗೈಡ್ ಸರ್ ಕನ್ನಡಕ ತೆಗೆದು ನೋಡಿದರು.

“ಏನಮ್ಮಾ ಇದು? ಎಲ್ಲರೂ ಮುಖ ಗುರುತು ಹಿಡಿಯೋದು, ಅದು ಇದು ಅಂತ ಮಾಡ್ತಿದ್ರೆ, ನೀನು ಫೋಲ್ಡರ್ ಶಿಫ್ಟ್ ಮಾಡ್ತೀನಿ ಅಂತೀಯ. ಕಟ್, ಪೇಸ್ಟ್. ಮುಗೀತು. ಎಕ್ಸ್‌ಟರ್ನಲ್ ಎಕ್ಸಾಮಿನರ್ ಬಂದ್ರೆ ನಗ್ತಾರೆ.”

“ನಿಜವಾಗ್ಲೂ ಬೇಕಾಗಿರೋ ಕೆಲಸ ಸಾರ್ ಇದು.”

“ಸರಿ, ಮಾಡು. ಫೇಲಾದ್ರೆ ನನ್ ಹತ್ರ ಬಂದು ಅಳಬೇಡ.”

ಬೇರೆಯವರ ಪ್ರಾಜೆಕ್ಟುಗಳಲ್ಲಿ ಬಹುಪಾಲು ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತಿದ್ದವು. ಅದನ್ನು ನಾನು ಮೇಡಂಗೆ ಸ್ವಲ್ಪ ಉರಿದುಕೊಂಡೇ ಹೇಳಿದೆ. ಅವರು ಖಾರ ಬನ್ನು ಮುರಿಯುತ್ತಾ, “ನಿಮ್ಮ ಸರ್ ಹೇಳಿದ್ದು ತಪ್ಪಲ್ಲ ಕಣೇ, ಅವರಿಗೆ ಕಂಡಷ್ಟು ಹೇಳಿದ್ರು. ನೀನು ತೋರಿಸು” ಎಂದರು. ಅಷ್ಟೇ.

ಒಂದು ಭಾನುವಾರ ಬೆಳಗ್ಗೆ, ತರಗತಿ ಇಲ್ಲದ ದಿನ ನೋಡಿ, ಸರ್ವರಿನ ಮುಂದೆ ಕೂತೆ. ಮೇಡಂ ಪಕ್ಕದಲ್ಲಿ ಮೊರ ಇಟ್ಟುಕೊಂಡು ಕರಿಬೇವು ಬಿಡಿಸುತ್ತಿದ್ದರು. ನಾನು ಹಳೆಯ ಫೋಲ್ಡರಿನಲ್ಲಿದ್ದ ಎಲ್ಲವನ್ನೂ ಆರಿಸಿ, ಕಟ್ ಮಾಡಿ, ಹೊಸ ಡಿಸ್ಕಿನ ಫೋಲ್ಡರಿಗೆ ಪೇಸ್ಟ್ ಮಾಡಿದೆ. ಕಾಪಿ ಅಲ್ಲ, ಕಟ್. ಗೈಡ್ ಸರ್ ಹೇಳಿದರೆಂದು ಹಾಗೆ ಮಾಡಿದ್ದಲ್ಲ. ನನ್ನ ಕೈಗೆ ಬೇರೆ ರೀತಿಯಲ್ಲಿ ಜಾಗ ಬದಲಿಸುವುದು ಗೊತ್ತೇ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಬೆಳೆದದ್ದು ತಗಡಿನ ಶೆಡ್ಡುಗಳಲ್ಲಿ. ಕೆಂಗೇರಿ ಆಚೆ ಒಂದು ಕಟ್ಟಡ ಮುಗಿದರೆ ಇನ್ನೊಂದು ಕಟ್ಟಡ. ಬಿಡುವ ದಿನ ಮಾವ ಶೆಡ್ಡಿನ ತಗಡು ಒಂದೊಂದಾಗಿ ಬಿಚ್ಚುವರು, ಅವ್ವ ಬಗ್ಗಿದ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೇರ ಮಾಡುವಳು, ನಾನು ಒಲೆಯ ಇಟ್ಟಿಗೆ ಎತ್ತಿಕೊಳ್ಳುತ್ತಿದ್ದೆ. ಎಲ್ಲ ಟೆಂಪೋದಲ್ಲಿ ಹೋಗಿ ಹೊಸ ಜಾಗದಲ್ಲಿ ಅದೇ ಮನೆ ಎದ್ದು ನಿಲ್ಲುತ್ತಿತ್ತು. ಹಿಂದೆ ತಿರುಗಿ ನೋಡಿದರೆ ಬರೀ ನೆಲ, ಒಲೆ ಇದ್ದ ಕಡೆ ಒಂದು ಕರಿ ಗುರುತು. ಏನಾದರೂ ಉಳಿಸಿ ಬಂದರೆ ಅವ್ವ ಬೈಯುತ್ತಿದ್ದಳು. ನಮ್ಮ ಮಟ್ಟಿಗೆ ಜಾಗ ಬದಲಿಸುವುದೆಂದರೆ ಅದು.

ಅದೇ ಅಚ್ಚುಕಟ್ಟಿನಿಂದ ಹಳೆಯ ಫೋಲ್ಡರನ್ನು ಬರಿದು ಮಾಡಿದೆ. ಪರದೆಯ ಮೇಲಿನ ಪಟ್ಟಿ ಹಸಿರು ತುಂಬಿ ಕೆಲಸ ಮುಗಿಯಿತು. ಇನ್ನು ಮುಂದೆ ಬಂದವರನ್ನು ಹೊಸ ಫೋಲ್ಡರಿಗೆ ಕರೆದುಕೊಂಡು ಹೋಗು ಎಂದು ಸರ್ವರಿಗೆ ಹೇಳಿಕೊಟ್ಟು, ಹೊಸ ವಿಳಾಸ ಒತ್ತಿದೆ. ಪುಟ ತೆರೆಯಿತು! ಇನ್‌ಸ್ಟಿಟ್ಯೂಟಿನ ಹೆಸರು, ಪಾಠಗಳ ಪಟ್ಟಿ, ಎಲ್ಲ ಇದ್ದಂತೆ ಇದೆ. ಟ್ರಯಲ್ ಇಲ್ಲದ ವಿಳಾಸ. ಮೇಡಂ ಬೀಗದ ಕೈಯಿಂದ ಮೊರಕ್ಕೆ ಒಂದು ಸಲ ತಟ್ಟಿದರು.

ನಾನು ಮೊದಲ ಪಾಠ ಒತ್ತಿದೆ. ಸದ್ದಿಲ್ಲ. ಎರಡನೆಯದು, ಇಲ್ಲ. ಸೊಪ್ಪಿನ ಪಾಠ, ಅದೂ ಇಲ್ಲ. ಸ್ಪೀಕರಿನ ವೈರು ಕಿತ್ತು ಸಿಕ್ಕಿಸಿದೆ. ಹಳೆಯ ಫೋಲ್ಡರ್ ತೆರೆದೆ, ಖಾಲಿ. ಹಳೆಯ ಡಿಸ್ಕು ಒಮ್ಮೆ ಟಕ್ ಎಂದು ಸುಮ್ಮನಾಯಿತು. ಆಮೇಲೆ ಅದನ್ನು ಕಂಪ್ಯೂಟರು ಗುರುತೇ ಹಿಡಿಯಲಿಲ್ಲ.

ಮೇಡಂ ಕೈ ತಾನಾಗಿ ಕೊರಳಿಗೆ ಹೋಯಿತು. ಅದನ್ನು ನಾನು ನೋಡಬಾರದಿತ್ತು ಅನ್ನಿಸಿತು.

ಅಷ್ಟರಲ್ಲಿ ಫೋನು. ನಮ್ಮ ಡೆಲಿವರಿ ಹುಡುಗರಲ್ಲಿ ಒಬ್ಬ. ಆರ್ಡರು ಬರುವವರೆಗೆ ಬೈಕಿನ ಮೇಲೆ ಕೂತು ಕಿವಿಗೆ ಪಾಠ ಹಾಕಿಕೊಳ್ಳುತ್ತಿದ್ದವನು. ಮೇಡಂ ಫೋನಿನಲ್ಲಿ ಮಾತಾಡಲಾಗದ್ದರಿಂದ ನಾನೇ ಎತ್ತಿದೆ.

“ಅಕ್ಕಾ, ಪುಟಾನೇ ಓಪನ್ ಆಗ್ತಿಲ್ಲ. ಮೇಡಂ ಹುಷಾರಾಗಿದಾರೆ ತಾನೆ?”

“ಹುಷಾರಾಗಿದಾರೆ. ಯಾಕೋ?”

“ಅಲ್ಲಾ, ಯಾವತ್ತೂ ಹಿಂಗಾಗಿಲ್ವಲ್ಲಾ. ಗಾಬ್ರಿ ಆಯ್ತು.”

ಫೋನಿಟ್ಟೆ. ಕಣ್ಣು ತುಂಬಿ ಪರದೆ ಕಾಣಿಸುತ್ತಿರಲಿಲ್ಲ. “ಮೇಡಂ, ಕಾಪಿ ಮಾಡ್ಬೇಕಿತ್ತು. ನಾನು ಕಟ್ ಮಾಡ್ಬಿಟ್ಟೆ. ಕಾಪಿ ಮಾಡ್ಬೇಕಿತ್ತು...”

ಅವರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಕರಿಬೇವಿನ ವಾಸನೆಯ ಕೈ ನನ್ನ ಬೆನ್ನ ಮೇಲಿಟ್ಟು ಕಿವಿಯ ಬಳಿ ಹೇಳಿದರು: “ಹಿಂದೆ ಬಿದ್ದ ಪದ ಬಿಡೇ. ಬರೋ ಪದ ಯಾವುದು? ಕಟ್ ಮಾಡಿದ್ದನ್ನ ಎಲ್ಲಿಟ್ಟೆ? ಅದನ್ನ ನೋಡು ಮೊದಲು.”

ಅಷ್ಟೂ ಹೊತ್ತು ನಾನು ಖಾಲಿಯಾದ ಮನೆಯನ್ನೇ ತಡಕುತ್ತಿದ್ದೆ. ಹೊಸ ಮನೆಯ ಒಳಗೆ ಹೋಗಿ ನೋಡಿರಲಿಲ್ಲ. ಹೊಸ ಫೋಲ್ಡರ್ ತೆರೆದೆ. ಪುಟಗಳು. ಚಿತ್ರಗಳು. ಅದರ ಕೆಳಗೆ ಸಾಲಾಗಿ ಪಾಠದ ಕಡತಗಳು, ಒಂದೂ ತಪ್ಪದೆ. ಆದರೆ ಹೆಸರಿದ್ದ ಮಾತ್ರಕ್ಕೆ ಒಳಗೆ ದನಿ ಇರಬೇಕೆಂದೇನೂ ಇಲ್ಲ. ವೆಬ್‌ಸೈಟಿನ ಮೂಲಕ ಅಲ್ಲ, ನೇರವಾಗಿ ಒಂದು ಕಡತದ ಮೇಲೆ ಒತ್ತಿದೆ.

“ಶುರು ಮಾಡಿ” ಎಂದಿತು ಸ್ಪೀಕರು.

ವೈರು ಎಳೆದಾಡುವಾಗ ಸದ್ದು ಪೂರ್ತಿ ಏರಿಸಿಬಿಟ್ಟಿದ್ದೆ. ಆ ದನಿ ಕೋಣೆ ತುಂಬಿ, ಮೆಟ್ಟಿಲಿಳಿದು, ಕೆಳಗಿನ ಬೇಕರಿಗೂ ಕೇಳಿಸಿತು. ಬೇಕರಿಯವರು ಬೀದಿಯಲ್ಲಿ ನಿಂತು ಮೇಲೆ ನೋಡಿ, “ಏನ್ ಮೇಡಂ, ದನಿ ಬಂದ್ಬಿಡ್ತಾ?” ಎಂದು ಕೂಗಿದರು. ಮೇಡಂ ಭುಜ ಕುಣಿಯತೊಡಗಿತು. ನಾನೂ ನಕ್ಕೆ, ಅತ್ತೆ, ಎರಡೂ ಒಟ್ಟಿಗೆ. ಇಷ್ಟು ವರ್ಷಗಳಾದರೂ ಆ ಕ್ಷಣ ನೆನೆದರೆ ಎದೆಯ ಮೇಲಿಂದ ಸಿಮೆಂಟಿನ ಚೀಲ ಇಳಿಸಿದ ಹಾಗಾಗುತ್ತದೆ.

ಸದ್ದು ನಿಲ್ಲಿಸಲು ಕೈ ಹಾಕಿದೆ. ಮೇಡಂ ನನ್ನ ಕೈ ಹಿಡಿದರು. ಅವತ್ತು ಅವರು ಬಾಲ್ಕನಿಗೆ ಹೋಗಲಿಲ್ಲ. ಕಣ್ಣು ಮುಚ್ಚಿಕೊಂಡು ಆ ಪಾಠವನ್ನು ಕೊನೆಯವರೆಗೂ ಕೇಳಿದರು. “ಪೆನ್ನು ಕೆಳಗಿಡಿ” ಎಂದು ಆ ದನಿ ಹೇಳಿದ ಮೇಲೆ ಕಣ್ಣು ತೆರೆದು ಪಿಸುಗುಟ್ಟಿದರು:

“ಪರವಾಗಿಲ್ಲ. ಚೆನ್ನಾಗೇ ಇತ್ತು.”

ಕಾರಣ ಹುಡುಕಿದರೆ ಸುಲಭದ್ದೇ. ಪುಟಗಳೆಲ್ಲ ಹೊಸ ಜಾಗಕ್ಕೆ ಬಂದಿದ್ದವು. ಆದರೆ ಒಂದೊಂದು ಪುಟದ ಒಳಗೂ ದನಿ ಎಲ್ಲಿದೆ ಎಂಬ ಪೂರ್ತಿ ವಿಳಾಸ ಹಳೆಯದೇ ಇತ್ತು. ದನಿ ಪಕ್ಕದ ಕೋಣೆಯಲ್ಲೇ ಕೂತಿದ್ದರೂ ಪುಟಗಳು ಹೋಗಿ ಹಳೆಯ ಮನೆಯ ಬಾಗಿಲು ತಟ್ಟುತ್ತಿದ್ದವು. ಮೊದಲು ಎಲ್ಲವನ್ನೂ ಇನ್ನೆರಡು ಕಡೆ ಕಾಪಿ ಮಾಡಿಟ್ಟೆ. ಆಮೇಲೆ ಒಂದೊಂದೇ ಪುಟ ತೆರೆದು ವಿಳಾಸ ತಿದ್ದಿದೆ. ಮಧ್ಯಾಹ್ನದ ಹೊತ್ತಿಗೆ ಹೊಸ ವಿಳಾಸದಲ್ಲಿ ಎಲ್ಲ ಪಾಠವೂ ಮಾತಾಡಿತು.

“ಮುಗೀತು ಮೇಡಂ.”

“ಆ ಹುಡುಗನಿಗೆ ಫೋನ್ ಮಾಡು. ಅವನ ಫೋನಲ್ಲಿ ಬರುತ್ತಾ ಕೇಳು.”

ಬರಲಿಲ್ಲ. ಅವನ ಹತ್ತಿರ ಇದ್ದದ್ದು ಟ್ರಯಲ್ ವಿಳಾಸ. ಎಲ್ಲರ ಹತ್ತಿರವೂ ಅದೇ. “ಎಲ್ಲರಿಗೂ ಹೊಸ ವಿಳಾಸ ಮೆಸೇಜ್ ಮಾಡ್ತೀನಿ” ಎಂದೆ.

“ನನ್ನ ಹತ್ರ ಕಲಿತು ಹೋದವರ ನಂಬರ್ ಎಲ್ಲಾ ನಿನ್ನ ಹತ್ರ ಇದೆಯೇನೇ? ನನ್ನ ಹತ್ರಾನೇ ಇಲ್ಲ.” ಬಾಲ್ಕನಿಗೆ ಕರೆದುಕೊಂಡು ಹೋಗಿ ಎದುರು ರಸ್ತೆಯ ಮೂಲೆ ತೋರಿಸಿದರು. ಅಲ್ಲೊಂದು ಹಳೆಯ ಷಟರು, ಅದರ ಮೇಲೆ ಬಣ್ಣ ಮಾಸಿದ ಬೋರ್ಡು: ಬೇಕರಿಯನ್ನು ಎದುರಿನ ಕಟ್ಟಡಕ್ಕೆ ಸ್ಥಳಾಂತರಿಸಲಾಗಿದೆ. ಪಕ್ಕದಲ್ಲಿ ಕೈಬೆರಳಿನ ಚಿತ್ರ. “ಇವರು ಈ ಕಡೆ ಬಂದು ಎಷ್ಟು ಕಾಲ ಆಯ್ತು. ಈಗ್ಲೂ ಯಾರಾದ್ರೂ ಅಲ್ಲಿ ಹೋಗಿ ನಿಂತು, ಬೋರ್ಡ್ ಓದಿ, ರಸ್ತೆ ದಾಟಿ ಬರ್ತಾರೆ. ಅಂಥದ್ದೊಂದು ಹಾಕೋಕಾಗಲ್ವಾ?”

ಹಾಕಲಾಗುತ್ತದೆ. ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವ ಒಂದು ಸಾಲಿನ ಏರ್ಪಾಡು ಪ್ರತಿ ಸರ್ವರಿನಲ್ಲೂ ಇರುತ್ತದೆ. ಪಾಠದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಅದು ನನಗೇ ಬೇಕಾದೀತು ಎಂದು ಹೊಳೆದಿರಲಿಲ್ಲ, ಅಷ್ಟೇ. ಯಾಕೆ ಎಂದು ಆಮೇಲೆ ಯೋಚಿಸಿದ್ದೇನೆ. ನಾವು ಬಿಟ್ಟು ಬಂದ ಯಾವ ಜಾಗದಲ್ಲೂ ಬೋರ್ಡು ಹಾಕಿ ಬಂದವರಲ್ಲ. ನಮ್ಮನ್ನು ಹುಡುಕಿಕೊಂಡು ಯಾರು ಬರಬೇಕಿತ್ತು? ಹಳೆಯ ಬಾಗಿಲಿಗೆ ಬಂದು ತಟ್ಟುವವರು ಇರುತ್ತಾರೆ, ಅವರಿಗ್ಯಾರು ಹೇಳುತ್ತಾರೆ ಎಂದು ಯೋಚಿಸುವುದನ್ನು ನಾನು ಕಲಿತದ್ದು ಅವತ್ತು, ಆ ಬಾಲ್ಕನಿಯಲ್ಲಿ.

ಸಾಲು ಬರೆದೆ. ಹುಡುಗನಿಗೆ ಮತ್ತೆ ಫೋನು.

“ಅಕ್ಕಾ! ಬಂತಕ್ಕಾ! ಮೇಡಂ ಬೈತಾ ಇದಾರೆ, ಶುರು ಮಾಡಿ ಅಂತ!”

ವೈವಾ ದಿನ ಗೈಡ್ ಸರ್ ನನ್ನನ್ನು ಕೊನೆಗೆ ಕರೆದರು. ಎಕ್ಸ್‌ಟರ್ನಲ್ ಆಗಿ ಬಂದವರು ವಯಸ್ಸಾದವರು, ಬೆಳಗಿನಿಂದ ಒಂದೇ ಥರದ ಪ್ರಾಜೆಕ್ಟು ನೋಡಿ ಆಕಳಿಸುತ್ತಿದ್ದರು. ಶೀರ್ಷಿಕೆ ಓದಿ, “ವೆಬ್‌ಸೈಟ್ ಫೋಲ್ಡರ್ ಬದಲಾವಣೆ. ಸರಿ, ಇದರಲ್ಲಿ ಕಷ್ಟ ಏನಿತ್ತಮ್ಮಾ?” ಎಂದರು.

“ಕಷ್ಟ ಇದ್ದದ್ದು ಒಯ್ಯೋದರಲ್ಲಿ ಅಲ್ಲ ಸಾರ್. ಒಯ್ದದ್ದು ಯಾರಿಗೂ ಗೊತ್ತಾಗಬಾರದು, ಅದರಲ್ಲಿ” ಎಂದೆ. ಬೇಕೆಂದೇ ಹಳೆಯ ಟ್ರಯಲ್ ವಿಳಾಸ ಒತ್ತಿದೆ. ಅದು ಕಣ್ಣೆದುರೇ ಹೊಸದಕ್ಕೆ ತಿರುಗಿತು. ಸೊಪ್ಪಿನ ಪಾಠ ಹಾಕಿದೆ. ಮೇಡಂ ದನಿ ಲ್ಯಾಬ್ ತುಂಬಿತು. ನಡುವೆ “ಮೆಂತ್ಯಾ ಸೊಪ್ಪೂ” ಬಂದಾಗ ಎಕ್ಸ್‌ಟರ್ನಲ್ ಕಿಟಕಿಯ ಕಡೆ ತಿರುಗಿ ನೋಡಿದರು. ಗೈಡ್ ಸರ್ ಬಾಯಿಗೆ ಕೈ ಅಡ್ಡ ಹಿಡಿದರು. “ಇಲ್ಲಿಗೆ ಮುಗಿಯಿತು, ಪೆನ್ನು ಕೆಳಗಿಡಿ” ಎಂದಾಗ, ಅಂಕ ಬರೆಯಲು ಹಿಡಿದಿದ್ದ ಪೆನ್ನನ್ನು ಎಕ್ಸ್‌ಟರ್ನಲ್ ತಮಗೇ ತಿಳಿಯದೆ ಮೇಜಿನ ಮೇಲಿಟ್ಟರು. ಆಮೇಲೆ ತಾವೇ ನಕ್ಕು, “ಯಾರಮ್ಮಾ ಇವರು?” ಎಂದು ಕೇಳಿದರು. ಪ್ರಾಜೆಕ್ಟಿನ ಬಗ್ಗೆ ಅವರು ಕೇಳಿದ ಪ್ರಶ್ನೆಗಳಿಗಿಂತ ಮೇಡಂ ಬಗ್ಗೆ ಕೇಳಿದ್ದೇ ಹೆಚ್ಚು. ಹೊರಗೆ ಬರುವಾಗ ಗೈಡ್ ಸರ್ ಬೆನ್ನು ತಟ್ಟಿ, “ನಾನೂ ಹೋಗಿ ನೋಡ್ತೀನಿ ಕಣಮ್ಮಾ ನಿಮ್ಮ ಮೇಡಂನ” ಎಂದರು. ಹೋಗಿ ನೋಡಿಯೂ ಬಂದರು.

ಫಲಿತಾಂಶ ಬಂದ ಸಂಜೆ ಓಡಿಕೊಂಡೇ ಮೆಟ್ಟಿಲು ಹತ್ತಿದೆ. ನಾನು ಬಾಯಿ ಬಿಡುವ ಮೊದಲೇ ಮೇಡಂಗೆ ತಿಳಿಯಿತು. ಅವತ್ತು ಖಾರ ಬನ್ನು ಮುರಿಯಲಿಲ್ಲ, ಇಡಿಯಾಗಿ ನನ್ನ ಕೈಗೆ ಕೊಟ್ಟರು. “ಅರ್ಧ ತಗೊಳ್ಳಿ ಮೇಡಂ” ಎಂದರೆ, “ಇವತ್ತು ನನಗೇನೂ ಕಷ್ಟ ಇಲ್ಲ ಕಣೇ” ಎಂದರು.

ಮುಂದಿನ ಸಂಕ್ರಾಂತಿಗೆ ಇನ್ನೂ ಸ್ವಲ್ಪ ದಿನವಿದೆ ಎನ್ನುವಾಗ ಅವರು ಹೋದರು. ನೋವು ನರಳಾಟ ಏನೂ ಇರಲಿಲ್ಲ. ಮಧ್ಯಾಹ್ನ ಮಲಗಿದವರು ಏಳಲಿಲ್ಲ. ತುಮಕೂರಿನಿಂದ ತಂಗಿ ಬಂದರು. ಎಲ್ಲೆಲ್ಲಿಂದಲೋ ಹಳೆಯ ವಿದ್ಯಾರ್ಥಿಗಳು ಬಂದು ಮೆಟ್ಟಿಲ ತುಂಬ ನಿಂತರು. ಮೇಡಂ ಇದ್ದಾಗಿನ ಹಾಗೆಯೇ ಎಲ್ಲರೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ಗೂಡಿನಲ್ಲಿ ಸರ್ವರಿನ ಹಸಿರು ದೀಪ ಮಿನುಗುತ್ತಿತ್ತು. ವಿಷಯ ತಿಳಿಯದ ಯಾರೋ ಎಲ್ಲೋ ಕೂತು ಪಾಠ ಕೇಳುತ್ತಿದ್ದರು. ಅದನ್ನು ಆರಿಸಬೇಡಿ ಎಂದು ತಂಗಿಗೆ ಹೇಳಿದೆ. ಅವರು, “ನೀನೇ ತಗೊಂಡು ಹೋಗಮ್ಮಾ. ಅಕ್ಕ ಮೊದಲೇ ಹಾಗೆ ಹೇಳಿದ್ಲು” ಎಂದರು.

ಈಗ ಅದು ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯಲ್ಲಿ, ಅವ್ವನ ಹೊಲಿಗೆ ಮಷಿನ್ನಿನ ಪಕ್ಕ, ಅದೇ ಸೀರೆ ಹೊದಿಕೆಯಲ್ಲಿದೆ. ತರುವಾಗ ಮೊದಲು ಇನ್ನೊಂದು ಕಂಪ್ಯೂಟರಿಗೆ ಕಾಪಿ ಮಾಡಿದೆ, ಹೊಸ ಜಾಗದಲ್ಲಿ ಎಲ್ಲ ಪಾಠ ಕೇಳಿ ನೋಡಿದೆ, ಆಮೇಲೆ ಅಲ್ಲಿ ಆರಿಸಿದೆ. ಹಳೆಯ ಬೋರ್ಡು ಇನ್ನೂ ಇದೆ. ಟ್ರಯಲ್ ಎಂದು ಒತ್ತಿದರೂ ಮೇಡಂ ಸಿಗುತ್ತಾರೆ. ಇವತ್ತು ನಾನು ಒಂದು ಕಂಪನಿಯಲ್ಲಿ ಮಾಡುವ ಕೆಲಸವೂ ಇದೇ, ಬೇರೆಯವರ ವೆಬ್‌ಸೈಟುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ದು ಇಡುವುದು. ಯಾರಿಗೂ ಗೊತ್ತಾಗದ ಹಾಗೆ.

ಡಿಗ್ರಿ ಸರ್ಟಿಫಿಕೇಟು ನಮ್ಮ ಕೈಗೆ ಬರಲು ಕಾಲ ಹಿಡಿಯಿತು. ಬಂದ ದಿನ ಕಾಲೇಜಿನಿಂದ ಮೆಟ್ರೋ ಹತ್ತಿ ನೇರ ಕೆಂಗೇರಿಗೆ ಹೋದೆ. ಮಾವ ಒಂದು ಅಪಾರ್ಟ್‌ಮೆಂಟಿನ ಕೆಳಮಹಡಿಯಲ್ಲಿ ಪ್ಲಾಸ್ಟರ್ ಮಾಡುತ್ತಿದ್ದರು. ನನ್ನ ಕೈಯಲ್ಲಿದ್ದ ಕವರು ನೋಡಿ ಕರಣೆ ಕೆಳಗಿಟ್ಟರು. ಡ್ರಮ್ಮಿನ ನೀರಿನಲ್ಲಿ ಮೊಣಕೈವರೆಗೂ ತೊಳೆದುಕೊಂಡು, ಟವೆಲ್ಲಿನಲ್ಲಿ ಒಂದೊಂದೇ ಬೆರಳು ಒರೆಸಿ, ಆಮೇಲೆ ಎರಡೂ ಕೈ ಚಾಚಿದರು. ಕೊಟ್ಟೆ. ಅಂಚು ಹಿಡಿದು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ಅವರಿಗೆ ಓದಲು ಬರುವುದಿಲ್ಲ. ನನ್ನ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದೆ.

“ಆ ಅಕ್ಕಾರು ಇರಬೇಕಿತ್ತು” ಎಂದರು. “ಅವತ್ತು ಆ ಮಷಿನ್ ಗದ್ದಲದಾಗ ಅವ್ರು ಅಂದಿದ್ದು ನನಗ ಕೇಳಿಸಿತ್ತವಾ. ಕೇಳಿಸ್ಲಿಲ್ಲ ಅಂತ ನಿನಗ ಸುಳ್ಳ ಹೇಳಿದ್ನಿ.”

“ಏನಂದಿದ್ರು ಮಾವಾ?”

“‘ನೀವು ಆಗಲ್ಲ ಅಂದ್ರ ಅಕಿ ನಂಬಿಬಿಡ್ತಾಳ, ಅನಬ್ಯಾಡ್ರಿ’ ಅಂದ್ರು.” ಸರ್ಟಿಫಿಕೇಟನ್ನು ಹಾಗೆಯೇ ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡಿದರು. “ನೀನ ಹೇಳವಾ, ಆಮ್ಯಾಲೆ ನಾ ಯಾವತ್ತರ ಅಂದೀನೇನು?”